ಸೋತ ಶಾಸ್ತ್ರದ ಗೆಲುವು

ಗುರುವಾದವನು ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರಿಗೆ ಇಂತಹ ಸೋಲು 1935ರಲ್ಲಿ ಒದಗಿತು. ಗಣಿತಕ್ಕೆಲ್ಲ ಭದ್ರವಾದ ತಳಹದಿ ಹಾಕಬೇಕೆಂಬ ಆಸೆಯಿಂದ ಅವರು 1932ರಲ್ಲಿ ಒಂದು ಪದ್ಧತಿಯನ್ನು ಪ್ರಕಟಿಸಿದ್ದರು. ಅದರೊಳಗೆ ಪರಸ್ಪರ ವಿರೋಧವಿದೆಯೆಂದು ತೋರಿಸಿಕೊಟ್ಟವರು ಅವರ ಶಿಷ್ಯರೇ ಆದ ಕ್ಲೀನಿ ಮತ್ತು ರಾಸರ್. ಕಟ್ಟಡ ಕುಸಿಯಿತು, ಒಂದು ಕಂಬ ಮಾತ್ರ ಅಲುಗದೆ ನಿಂತಿತು. ಅದೇ ಲ್ಯಾಮ್ಡಾ ಕಲನ. ಗಣಕಯಂತ್ರಕ್ಕೆ ಆದೇಶ ಬರೆಯುವ ವಿದ್ಯೆಯಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ಹೆಸರಾದ ಶಾಖೆಗೆ ಅದೇ ಬೇರು.

ಫಂಕ್ಷನ್ ಎಂದರೇನು? ವ್ಯಾಕರಣ ಓದಿದವರಿಗೆ ಇದು ತೀರ ಹೊಸದಲ್ಲ. ‘ಮಳೆ’, ‘ಕಾಲ’ ಎಂಬ ಎರಡು ಪದಗಳನ್ನು ಆದೇಶಸಂಧಿಯ ಸೂತ್ರಕ್ಕೆ ಕೊಟ್ಟರೆ ‘ಮಳೆಗಾಲ’ ಬರುತ್ತದೆ. ಮೈಸೂರಿನಲ್ಲಿ ಕೊಟ್ಟರೂ ಅದೇ, ಧಾರವಾಡದಲ್ಲಿ ಕೊಟ್ಟರೂ ಅದೇ. ಬಂದ ಫಲವನ್ನು ‘ಇಲ್ಲ’ ಎಂಬ ಪದದೊಡನೆ ಆಗಮಸಂಧಿಯ ಸೂತ್ರಕ್ಕೆ ಒಪ್ಪಿಸಿದರೆ ‘ಮಳೆಗಾಲವಿಲ್ಲ’ ಎಂದಾಗುತ್ತದೆ. ಮೊದಲಿನ ಪದಗಳೇನೂ ಅಳಿದುಹೋಗುವುದಿಲ್ಲ. ರೂಢಿಯ ಪ್ರೋಗ್ರಾಮಾದರೋ ಸ್ಲೇಟಿನ ಲೆಕ್ಕದಂತೆ: ಬರೆದುದನ್ನು ಒರೆಸಿ ಅದೇ ಜಾಗದಲ್ಲಿ ಬೇರೊಂದನ್ನು ಬರೆಯುವುದು. ಒಂದೇ ಸ್ಲೇಟಿನ ಮೇಲೆ ನಾಲ್ಕು ಕೈಗಳು ಬಿದ್ದರೆ ಯಾರು ಏನನ್ನು ಒರೆಸಿದರೆಂದು ತಿಳಿಯದೆ ಲೆಕ್ಕ ಕೆಡುತ್ತದೆ.

ಚರ್ಚರು ಉಳಿದ ಆ ಕಂಬವನ್ನೇ ಆಧಾರವಾಗಿಟ್ಟುಕೊಂಡು, ಗಣಿತದ ಪ್ರತಿಯೊಂದು ಪ್ರಶ್ನೆಯನ್ನೂ ತೀರ್ಮಾನಿಸಬಲ್ಲ ಯಾಂತ್ರಿಕ ವಿಧಾನವಿಲ್ಲವೆಂದು 1936ರಲ್ಲಿ ಸಾಧಿಸಿದರು. ಅಂದು ಇಂದಿನಂತಹ ಗಣಕಯಂತ್ರವೇ ಇರಲಿಲ್ಲ.

1958ರಲ್ಲಿ ಜಾನ್ ಮ್ಯಾಕಾರ್ಥಿ ಎಂಬುವರು ಲಿಸ್ಪ್ ಎಂಬ ಭಾಷೆಯನ್ನು ರೂಪಿಸತೊಡಗಿದಾಗ ಚರ್ಚರ ಸಂಕೇತವನ್ನು ಎರವಲು ಪಡೆದರು. ಆ ಗ್ರಂಥದಲ್ಲಿ ಉಳಿದುದು ತಮಗೆ ಅರ್ಥವಾಗಲಿಲ್ಲವೆಂದು ಮುಂದೆ ಸಂಕೋಚವಿಲ್ಲದೆ ಒಪ್ಪಿಕೊಂಡರು. ಲಿಸ್ಪ್‌ನ ಅರ್ಥವನ್ನು ಲಿಸ್ಪ್‌ನಲ್ಲಿಯೇ ವಿವರಿಸುವ ಒಂದು ಫಂಕ್ಷನ್ನನ್ನು ಅವರು ಕಾಗದದ ಮೇಲೆ ಬರೆದಿದ್ದರು. ಸಹಾಯಕ ಸ್ಟೀವ್ ರಸೆಲ್ ಅದನ್ನು ಯಂತ್ರಕ್ಕೆ ಅಳವಡಿಸುವೆನೆಂದಾಗ, ಇದು ಓದುವುದಕ್ಕೆ ಬರೆದದ್ದು, ನಡೆಸುವುದಕ್ಕಲ್ಲ, ಶಾಸ್ತ್ರವನ್ನೂ ಪ್ರಯೋಗವನ್ನೂ ಬೆರೆಸಬೇಡ ಎಂದು ತಡೆದರಂತೆ. ರಸೆಲ್ ಕೇಳಲಿಲ್ಲ, ಮಾಡಿಯೇ ಬಿಟ್ಟರು. ಯಂತ್ರ ನಡೆಯಿತು. ಇಲ್ಲಿಯೂ ಸೋತವರು ಹಿರಿಯರೇ!

ಇನ್ನೊಂದು ಪ್ರಸಂಗ ಇದಕ್ಕಿಂತ ಮನಮುಟ್ಟುವಂಥದು. ಸ್ಲೇಟಿನ ರೀತಿಯ ಫೋರ್‌ಟ್ರಾನ್ ಭಾಷೆಯನ್ನು 1957ರಲ್ಲಿ ಲೋಕಕ್ಕೆ ಕೊಟ್ಟ ತಂಡದ ನಾಯಕ ಜಾನ್ ಬ್ಯಾಕಸ್. 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂದಾಗ, ಆ ಸನ್ಮಾನದ ಉಪನ್ಯಾಸದಲ್ಲಿ, ಅವರು ತಮಗೆ ಕೀರ್ತಿ ತಂದ ರೀತಿಯನ್ನೇ ಖಂಡಿಸಿ ಫಂಕ್ಷನ್ನುಗಳ ಮಾರ್ಗವನ್ನು ಎತ್ತಿ ಹಿಡಿದರು. ಹಾರ ಹಾಕಿಸಿಕೊಳ್ಳುವ ಹೊತ್ತಿನಲ್ಲಿ ತನ್ನ ಕೃತಿಯ ದೋಷವನ್ನು ಹೇಳುವವರು ಎಷ್ಟು ಮಂದಿ?

ಬಳಿಕ ವಿದ್ವಾಂಸರ ಸಮಿತಿಯೊಂದು 1990ರಲ್ಲಿ ಹ್ಯಾಸ್ಕೆಲ್ ಭಾಷೆಯನ್ನು ಪ್ರಕಟಿಸಿತು. ವ್ಯವಹಾರದ ಪರೀಕ್ಷೆ ನಡೆದುದು ಸ್ವೀಡನ್ನಿನಲ್ಲಿ. ಎರಿಕ್‌ಸನ್ ಕಂಪನಿಯವರು ದೂರವಾಣಿ ಕೇಂದ್ರಗಳಿಗಾಗಿ ಎರ್ಲಾಂಗ್ ಎಂಬ ಭಾಷೆಯನ್ನು 1980ರ ದಶಕದಲ್ಲಿ ಬೆಳೆಸಿದರು. ಅದರಲ್ಲಿ ಒಂದು ಹೆಸರಿಗೆ ಕೊಟ್ಟ ಬೆಲೆಯನ್ನು ಮತ್ತೆ ಒರೆಸುವಂತಿಲ್ಲ. 1998ರಲ್ಲಿ ಕಂಪನಿಯ ಒಂದು ವಿಭಾಗವೇ ಹೊಸ ಉಪಕರಣಗಳಿಗೆ ಈ ಭಾಷೆ ಕೂಡದೆಂದಿತು. ಅದೇ ಡಿಸೆಂಬರಿನಲ್ಲಿ ಅದನ್ನು ಸರ್ವರಿಗೂ ಮುಕ್ತಗೊಳಿಸಲಾಯಿತು. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ತನ್ನ ಸಂದೇಶಗಳನ್ನು ಸಾಗಿಸಲು ಇದನ್ನೇ ಆರಿಸಿಕೊಂಡಿತು. ರೂಢಿಯ ಮಾರ್ಗದ ಜಾವಾ ಭಾಷೆ ಕೂಡ 2014ರಲ್ಲಿ ಲ್ಯಾಮ್ಡಾವನ್ನು ಒಳಗೆ ಕರೆದುಕೊಂಡಿತು.

ಸಂಧಿಸೂತ್ರವನ್ನು ಹೇಳಿಕೊಡುವಾಗ, “ಇದರಿಂದ ಏನು ಪ್ರಯೋಜನ, ಸಾರ್?” ಎಂದು ಕೇಳುವ ಹುಡುಗರು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಇರುತ್ತಾರೆ. ಮೊದಲು ಗದರಿಸುತ್ತಿದ್ದೆ. ಈಗ ಚರ್ಚರ ಕಥೆಯನ್ನು ಹೇಳುತ್ತೇನೆ. 1935ರಲ್ಲಿ ಆ ಪ್ರಶ್ನೆಗೆ ಉತ್ತರ ಅವರ ಬಳಿಯೂ ಇರಲಿಲ್ಲ. ಇದ್ದುದು, ಕುಸಿದ ಕಟ್ಟಡದಲ್ಲಿ ಗಟ್ಟಿಯಾದುದು ಯಾವುದೆಂದು ತಾಳ್ಮೆಯಿಂದ ತಟ್ಟಿ ನೋಡುವ ಮನಸ್ಸು ಮಾತ್ರ.