ಸಣ್ಣ ಲೇತಿನಲ್ಲಿ ಸೂಕ್ಷ್ಮ ಥ್ರೆಡ್ ಕೊರೆತ

ಲೇತಿಗೆ ಕಟ್ಟಿದ ಸರಳಿನ ಮೇಲೆ ಒಂಟಿ ಮೊನೆಯ ಟೂಲಿನಿಂದ ಕಡಿಮೆ ಪಿಚ್ಚಿನ ತಿರುಪು ಸುತ್ತುಗಳನ್ನು ಕೊರೆಯುವ ಕೆಲಸ. ಪಕ್ಕಪಕ್ಕದ ಎರಡು ಸುತ್ತುಗಳ ನಡುವಣ ದೂರವೇ ಪಿಚ್. 6 ಮಿ.ಮೀ. ಮೆಟ್ರಿಕ್ ಬೋಲ್ಟಿಗೆ ಸಾಮಾನ್ಯ ಪಿಚ್ 1 ಮಿ.ಮೀ., ಸೂಕ್ಷ್ಮ ಪಿಚ್ 0.75 ಮಿ.ಮೀ. ಮಧುಗಿರಿ, ಶಿರಾ, ಪಾವಗಡದಂಥ ಬೋರ್‌ವೆಲ್ ನೆಚ್ಚಿದ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಒರಟು ಪೈಪ್ ಥ್ರೆಡ್; 1 ಇಂಚಿನ ಪೈಪಿಗೆ ಇಂಚಿಗೆ 11 ಸುತ್ತು, ಅಂದರೆ 2.309 ಮಿ.ಮೀ. ಪಿಚ್. ಅಳತೆ ಸಾಧನಗಳ ತಿರುಪು ಇದಕ್ಕಿಂತ ಬಹಳ ಸೂಕ್ಷ್ಮ: ಮೈಕ್ರೋಮೀಟರಿನ ಸ್ಪಿಂಡಲ್ ಸಾಮಾನ್ಯವಾಗಿ ಒಂದು ಸುತ್ತಿಗೆ 0.5 ಮಿ.ಮೀ. ಸರಿಯುತ್ತದೆ.

ಗೇರ್ ಲೆಕ್ಕ: ಸರಳನ್ನು ಹಿಡಿದ ಚಕ್ ಒಂದು ಸುತ್ತು ಸುತ್ತಿದಾಗ ಟೂಲ್ ಸರಿಯಾಗಿ ಒಂದು ಪಿಚ್ಚಿನಷ್ಟು ಮುಂದೆ ಹೋಗಬೇಕು. ಟೂಲನ್ನು ಸರಿಸುವ ಲೀಡ್ ಸ್ಕ್ರೂವಿನ ಪಿಚ್ 3 ಮಿ.ಮೀ. ಇದ್ದು 0.5 ಮಿ.ಮೀ. ಥ್ರೆಡ್ ಬೇಕಾದರೆ ಅನುಪಾತ 1:6. 20ಕ್ಕೆ 60, 40ಕ್ಕೆ 80 ಹಲ್ಲಿನ ಎರಡು ಜೋಡಿ ಗೇರು ಹಾಕಿದರೆ ಇದು ಕೂಡಿಬರುತ್ತದೆ. ಲೀಡ್ ಸ್ಕ್ರೂ ಇಂಚಿನದಾದರೆ ಮೆಟ್ರಿಕ್ ಪಿಚ್ ಕರಾರುವಾಕ್ಕಾಗಿ ಬರಲು 127 ಹಲ್ಲಿನ ಗೇರು ಬೇಕು. 1 ಇಂಚು 25.4 ಮಿ.ಮೀ. ಆಗಿರುವುದೇ ಇದಕ್ಕೆ ಕಾರಣ.

ಕೊರೆಯುವ ಕ್ರಮ: 60 ಡಿಗ್ರಿಗೆ ಸಾಣೆ ಹಿಡಿದ ಟೂಲನ್ನು ಸೆಂಟರ್ ಗೇಜಿನಿಂದ ಸರಳಿಗೆ ನೆಟ್ಟಗೆ ಕೂರಿಸುತ್ತಾರೆ. 0.5 ಮಿ.ಮೀ. ಪಿಚ್ಚಿನ ಥ್ರೆಡ್ಡಿನ ಆಳ ಸುಮಾರು 0.31 ಮಿ.ಮೀ. ಮಾತ್ರ. ಮೊದಲ ಸಲ ಮೈ ಗೀಚಿ, ಪಿಚ್ ಗೇಜ್ ಹಿಡಿದು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಆಳ ಕೊಡುತ್ತಾರೆ. ಒರಟು ಥ್ರೆಡ್ಡಿನಲ್ಲಿ ಲೆಕ್ಕಕ್ಕೆ ಬಾರದ 0.05 ಮಿ.ಮೀ. ತಪ್ಪು ಇಲ್ಲಿ ಆಳದ ಆರನೆಯ ಒಂದು ಪಾಲು. ಆದ್ದರಿಂದ ಟೂಲನ್ನು ಒಳಹೊರಗೆ ಸರಿಸುವ ಕ್ರಾಸ್ ಸ್ಲೈಡಿನ ಸಡಿಲವನ್ನು ಮೊದಲೇ ಬಿಗಿ ಮಾಡಬೇಕು. ಡಯಲನ್ನು ಯಾವಾಗಲೂ ಒಂದೇ ಕಡೆಯಿಂದ ತಿರುಗಿಸಿ ಗೆರೆಗೆ ತರಬೇಕು. ತೆಳು ಸರಳು ಬಾಗದಂತೆ ತುದಿಗೆ ಟೇಲ್‌ಸ್ಟಾಕ್ ಸೆಂಟರ್ ಆಸರೆ ಕೊಡುತ್ತಾರೆ.

ಲೀಡ್ ಸ್ಕ್ರೂವಿನ ಪಿಚ್ಚನ್ನು ಥ್ರೆಡ್ಡಿನ ಪಿಚ್ ಶೇಷವಿಲ್ಲದೆ ಭಾಗಿಸಿದರೆ, ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂವಿಗೆ ಜೋಡಿಸುವ ಹಾಫ್‌ನಟ್ಟನ್ನು ಎಲ್ಲಿ ಬೇಕಾದರೂ ಕೂಡಿಸಬಹುದು. ಹಾಗಲ್ಲದಿದ್ದರೆ, ಉದಾಹರಣೆಗೆ 0.7 ಮಿ.ಮೀ. ಪಿಚ್ಚಿಗೆ, ಹಾಫ್‌ನಟ್ ಬಿಡದೆ ಟೂಲನ್ನು ಹೊರತೆಗೆದು ಮೋಟಾರನ್ನು ಹಿಮ್ಮುಖ ಓಡಿಸಿ ಮರಳಿ ತರುವುದೇ ಸುರಕ್ಷಿತ.

ಕರ್ನಾಟಕದಲ್ಲಿ: 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಲೇತ್ ತಯಾರಿಕೆ ಆರಂಭಿಸಿತು. 1961ರಲ್ಲಿ ಅಲ್ಲೇ ಗಡಿಯಾರ ಕಾರ್ಖಾನೆ ತೆರೆಯಿತು. ಮುಂದೆ ತುಮಕೂರಿನಲ್ಲೂ ಒಂದನ್ನು ನಡೆಸಿತು. ಕೈಗಡಿಯಾರದ ತಿರುಪುಗಳ ವ್ಯಾಸವೇ 1 ಮಿ.ಮೀ. ಆಸುಪಾಸು. ಅಷ್ಟು ಸಣ್ಣದನ್ನು ರಾಶಿಗಟ್ಟಲೆ ಮಾಡಲು ಸ್ವಯಂಚಾಲಿತ ಲೇತುಗಳೇ ಬೇಕು. ಒಂಟಿ ಮೊನೆಯ ಕೊರೆತ ಉಳಿದಿರುವುದು ಟೂಲ್‌ರೂಮ್, ದುರಸ್ತಿ ಮತ್ತು ಒಂದೆರಡೇ ಬಿಡಿಭಾಗ ಬೇಕಾದ ಕೆಲಸಗಳಲ್ಲಿ.