1919ರ ಷಿಕಾಗೋ ವೈಟ್ ಸಾಕ್ಸ್ ತಂಡ: ಕಥೆ ಮತ್ತು ದಾಖಲೆ

ಬೇಸ್‌ಬಾಲ್ ನಮ್ಮ ನಾಡಿಗೆ ಬಹುಮಟ್ಟಿಗೆ ಅಪರಿಚಿತವಾದ ಆಟ. ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯೊಂದರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವೊಂದರ ಒಂದು ವರ್ಷದ ವೃತ್ತಾಂತವನ್ನು ವಿವೇಚಿಸಹೊರಟಿರುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ನಾವು ಇಲ್ಲಿ ಆಟದ ಸೊಗಸನ್ನು ವರ್ಣಿಸಲು ಉದ್ದೇಶಿಸಿಲ್ಲ. ಒಂದು ಅಪರಾಧ, ಅದಕ್ಕೆ ಕೊಡಲಾದ ಒಂದು ಕಾರಣ, ಆ ಕಾರಣವು ಜನಮನದಲ್ಲಿ ನಿಂತ ಬಗೆ, ಮತ್ತು ಅದನ್ನು ದಾಖಲೆಗಳೊಡನೆ ಒರೆಹಚ್ಚಿದಾಗ ಉಳಿಯುವುದೆಷ್ಟು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಈ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗೆ ಯಾವ ದೇಶದಲ್ಲಾದರೂ ಎದುರಾಗತಕ್ಕದ್ದು.

ಮೊದಲು ಸನ್ನಿವೇಶವನ್ನು ತಿಳಿದುಕೊಳ್ಳೋಣ. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಅಮೆರಿಕದಲ್ಲಿ ಬೇಸ್‌ಬಾಲ್ ವಿನೋದದ ಮಟ್ಟವನ್ನು ದಾಟಿ ಒಂದು ಉದ್ಯಮವಾಗಿ ಬೆಳೆದಿತ್ತು. ನ್ಯಾಷನಲ್ ಲೀಗ್, ಅಮೆರಿಕನ್ ಲೀಗ್ ಎಂಬ ಎರಡು ಕೂಟಗಳಿದ್ದು, ಒಂದೊಂದರಲ್ಲಿಯೂ ಎಂಟೆಂಟು ತಂಡಗಳಿದ್ದವು. ವರ್ಷದ ಕೊನೆಯಲ್ಲಿ ಎರಡೂ ಕೂಟಗಳ ಅಗ್ರಗಣ್ಯ ತಂಡಗಳು ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಮಾಲೆಯಲ್ಲಿ ಸೆಣಸುತ್ತಿದ್ದವು. ಆಟಗಾರರು ಸಂಬಳದ ನೌಕರರು. ಆದರೆ ಅವರ ನೌಕರಿ ಇತರ ನೌಕರಿಗಳಂತಿರಲಿಲ್ಲ. ಕರಾರಿನಲ್ಲಿದ್ದ ಮೀಸಲು ನಿಬಂಧನೆಯ ಪ್ರಕಾರ, ಅವಧಿ ಮುಗಿದ ಮೇಲೆಯೂ ಆಟಗಾರನು ಅದೇ ಮಾಲೀಕನಿಗೆ ಬದ್ಧನಾಗಿಯೇ ಇರಬೇಕಿತ್ತು. ಮಾಲೀಕನು ಅವನನ್ನು ಮಾರಬಹುದಿತ್ತು, ಬಿಟ್ಟುಕಳುಹಿಸಬಹುದಿತ್ತು; ಆಟಗಾರನು ಮಾತ್ರ ಹೆಚ್ಚು ಸಂಬಳ ಕೊಡುವ ಬೇರೊಂದು ತಂಡಕ್ಕೆ ತಾನಾಗಿ ಹೋಗುವಂತಿರಲಿಲ್ಲ. ಹೇಳಿದ ಸಂಬಳಕ್ಕೆ ಆಡುವುದು, ಇಲ್ಲವೇ ಆಟವನ್ನೇ ಬಿಡುವುದು: ಅವನಿಗೆ ಉಳಿದಿದ್ದ ದಾರಿಗಳು ಇವೆರಡೇ.

ವೈಟ್ ಸಾಕ್ಸ್ ತಂಡದ ಒಡೆಯ ಚಾರ್ಲ್ಸ್ ಕಾಮಿಸ್ಕಿ ತಾನೇ ಹಿಂದೆ ಆಟಗಾರನಾಗಿದ್ದವನು. 1890ರಲ್ಲಿ ಆಟಗಾರರು ಮಾಲೀಕರ ವಿರುದ್ಧ ಬಂಡೆದ್ದು ಪ್ಲೇಯರ್ಸ್ ಲೀಗ್ ಎಂಬ ತಮ್ಮದೇ ಕೂಟವನ್ನು ಕಟ್ಟಿದಾಗ ಅವರ ಪಕ್ಷವನ್ನು ವಹಿಸಿ ಆಡಿದ್ದವನು. ಆ ಕೂಟ ಒಂದೇ ವರ್ಷದಲ್ಲಿ ಮುರಿದುಬಿದ್ದಿತು. ಮುಂದೆ ಅಮೆರಿಕನ್ ಲೀಗಿನ ಸ್ಥಾಪಕರಲ್ಲಿ ಒಬ್ಬನಾದ ಕಾಮಿಸ್ಕಿ, ತಾನು ಹಿಂದೆ ಪ್ರತಿಭಟಿಸಿದ್ದ ನಿಬಂಧನೆಯಿಂದಲೇ ತನ್ನ ಆಟಗಾರರನ್ನು ಕಟ್ಟಿಹಾಕಿದನು. ಮನುಷ್ಯನ ಸ್ಥಾನ ಬದಲಾದಂತೆ ಅವನ ನ್ಯಾಯದ ಅಳತೆಗೋಲೂ ಬದಲಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

1917ರಲ್ಲಿ ಈ ತಂಡ ನೂರು ಪಂದ್ಯಗಳನ್ನು ಗೆದ್ದು, ವರ್ಲ್ಡ್ ಸೀರೀಸಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೋಲಿಸಿತ್ತು. ಮಹಾಯುದ್ಧದ ನಿಮಿತ್ತ ಮರುವರ್ಷ ತಂಡ ಚದುರಿ ಆರನೆಯ ಸ್ಥಾನಕ್ಕೆ ಇಳಿಯಿತು. 1919ರಲ್ಲಿ ಯುದ್ಧಾನಂತರದ ಅನಿಶ್ಚಿತತೆಯಿಂದಾಗಿ ಪಂದ್ಯಗಳ ಸಂಖ್ಯೆಯನ್ನು 140ಕ್ಕೆ ಇಳಿಸಲಾಗಿತ್ತು. ಕಿಡ್ ಗ್ಲೀಸನ್ ಎಂಬ ಹೊಸ ನಿರ್ವಾಹಕನ ಕೈಕೆಳಗೆ ವೈಟ್ ಸಾಕ್ಸ್ 88 ಪಂದ್ಯಗಳನ್ನು ಗೆದ್ದು, 52ರಲ್ಲಿ ಸೋತು, ಅಮೆರಿಕನ್ ಲೀಗಿನ ಅಗ್ರಸ್ಥಾನವನ್ನು ಪಡೆಯಿತು. ಎಸೆತಗಾರ ಎಡ್ಡಿ ಸಿಕಾಟ್ 29 ಜಯಗಳನ್ನೂ, ಲೆಫ್ಟಿ ವಿಲಿಯಮ್ಸ್ 23 ಜಯಗಳನ್ನೂ ಸಂಪಾದಿಸಿದರು. ದಕ್ಷಿಣ ಕೆರೊಲಿನದ ಹತ್ತಿಯ ಗಿರಣಿಯಲ್ಲಿ ಬಾಲ್ಯವನ್ನು ಕಳೆದ, ಅಕ್ಷರವನ್ನೇ ಕಲಿಯದಿದ್ದ ಜೋ ಜಾಕ್ಸನ್ ದಾಂಡಿಗರಲ್ಲಿ ಅಗ್ರಗಣ್ಯನಾಗಿದ್ದನು.

ಹೊರಗಿನಿಂದ ಬಲಿಷ್ಠವಾಗಿ ಕಾಣುತ್ತಿದ್ದ ಈ ತಂಡ ಒಳಗೆ ಒಡೆದಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ್ದ ಎಡ್ಡಿ ಕಾಲಿನ್ಸ್‌ನ ಸುತ್ತ ಒಂದು ಗುಂಪು, ಚಿಕ್ ಗ್ಯಾಂಡಿಲ್‌ನ ಸುತ್ತ ಇನ್ನೊಂದು. ಒಂದೇ ತಂಡದವರಾಗಿದ್ದರೂ ಅವರಲ್ಲಿ ಪರಸ್ಪರ ಮಾತುಕತೆಯೇ ವಿರಳವಾಗಿತ್ತು. ಕಾಲಿನ್ಸ್‌ನ ವಾರ್ಷಿಕ ಸಂಬಳ ಸುಮಾರು 15,000 ಡಾಲರು. ಜಾಕ್ಸನ್ನನದು 6,000 ಡಾಲರು. ಈ ಅಂತರವನ್ನು ವಾಚಕರು ಗಮನದಲ್ಲಿಡಬೇಕು.

ಆ ವರ್ಷ ವರ್ಲ್ಡ್ ಸೀರೀಸಿನಲ್ಲಿ ಒಂಬತ್ತು ಪಂದ್ಯಗಳಲ್ಲಿ ಐದನ್ನು ಮೊದಲು ಗೆದ್ದವರಿಗೆ ವಿಜಯವೆಂಬ ನಿಯಮವಿತ್ತು. ಎದುರಾಳಿ ಸಿನ್ಸಿನಾಟಿ ರೆಡ್ಸ್. ಅಕ್ಟೋಬರ್ 1ರಂದು ನಡೆದ ಮೊದಲ ಪಂದ್ಯದಲ್ಲಿ ಸಿಕಾಟ್ ಎಸೆದ ಚೆಂಡು ಎದುರಾಳಿಯ ಮೊದಲ ದಾಂಡಿಗನಿಗೆ ತಗುಲಿತು. ಒಪ್ಪಂದ ಊರ್ಜಿತದಲ್ಲಿದೆಯೆಂದು ಜೂಜುಗಾರರಿಗೆ ಕೊಡಲಾದ ಸಂಜ್ಞೆ ಅದೇ ಎಂದು ಮುಂದೆ ಬಯಲಾಯಿತು. ವೈಟ್ ಸಾಕ್ಸ್ ಆ ಪಂದ್ಯವನ್ನು 9–1ರಿಂದ ಸೋತಿತು. ಸಂಚಿನಲ್ಲಿ ಸೇರದಿದ್ದ ಡಿಕಿ ಕೆರ್ ತಾನು ಎಸೆದ ಎರಡು ಪಂದ್ಯಗಳನ್ನೂ ಗೆದ್ದುಕೊಟ್ಟನು. ವಿಲಿಯಮ್ಸ್ ಮೂರು ಪಂದ್ಯಗಳನ್ನು ಕಳೆದನು. ಅಕ್ಟೋಬರ್ 9ರಂದು ನಡೆದ ಕೊನೆಯ ಪಂದ್ಯದಲ್ಲಿ ಅವನು ಒಬ್ಬನೇ ದಾಂಡಿಗನನ್ನು ಔಟು ಮಾಡಿ ಕಣದಿಂದ ಹಿಂದೆಗೆಯಬೇಕಾಯಿತು. ರೆಡ್ಸ್ 5–3ರಿಂದ ವಿಜಯಿಯಾಯಿತು.

ಸಂಶಯ ಆಗಲೇ ಹುಟ್ಟಿತ್ತು. ಹ್ಯೂ ಫುಲರ್ಟನ್ ಎಂಬ ಪತ್ರಕರ್ತ ಅದನ್ನು ಬಹಿರಂಗವಾಗಿ ಬರೆದನು. ಕಾಮಿಸ್ಕಿ ಸುಳಿವು ಕೊಟ್ಟವರಿಗೆ ಬಹುಮಾನವನ್ನು ಸಾರಿದನು. ಆದರೆ ಶಂಕಿತರನ್ನೇ ಮತ್ತೆ ಕರಾರು ಮಾಡಿಸಿಕೊಂಡು, ಗ್ಯಾಂಡಿಲ್ ಒಬ್ಬನನ್ನುಳಿದು ಮಿಕ್ಕವರನ್ನೆಲ್ಲ 1920ರಲ್ಲಿಯೂ ಆಡಿಸಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಷಿಕಾಗೋವಿನ ಗ್ರ್ಯಾಂಡ್ ಜ್ಯೂರಿ ವಿಚಾರಣೆಗೆ ತೊಡಗಿದಾಗ, 28ರಂದು ಸಿಕಾಟ್ ಮತ್ತು ಜಾಕ್ಸನ್, ಮರುದಿನ ವಿಲಿಯಮ್ಸ್ ಹಣ ಪಡೆದುದನ್ನು ಒಪ್ಪಿಕೊಂಡರು. ಸಿಕಾಟ್‌ಗೆ ದೊರೆತದ್ದು 10,000 ಡಾಲರು. ಜಾಕ್ಸನ್ನನಿಗೆ 20,000 ಎಂದು ಹೇಳಿ ಕೈಗೆ ಕೊಟ್ಟದ್ದು 5,000 ಡಾಲರು. ಹೀಗೆ ಮೋಸಗಾರರೂ ಮೋಸಹೋದರು.

ಮುಂದೆ ನಡೆದ ಮೊಕದ್ದಮೆಯ ಚರಿತ್ರೆ ಇನ್ನೂ ಸೋಜಿಗದ್ದು. ತಪ್ಪೊಪ್ಪಿಗೆಯ ಮೂಲ ಪತ್ರಗಳು ಕಾಣೆಯಾದವು. 1921ರ ಆಗಸ್ಟ್ 2ರಂದು ಜ್ಯೂರಿ ಆಟಗಾರರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಮರುದಿನವೇ ಬೇಸ್‌ಬಾಲಿನ ನೂತನ ಕಮಿಷನರ್, ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್, ಎಂಟು ಮಂದಿಯನ್ನೂ ಆಟದಿಂದ ಶಾಶ್ವತವಾಗಿ ಹೊರಗಿಟ್ಟನು. ಜಾಕ್ಸನ್ ಬಾಕಿ ಸಂಬಳಕ್ಕಾಗಿ ಹೂಡಿದ್ದ ದಾವೆ 1924ರಲ್ಲಿ ಮಿಲ್ವಾಕಿಯಲ್ಲಿ ವಿಚಾರಣೆಗೆ ಬಂದಾಗ, ಕಾಣೆಯಾಗಿದ್ದ ಅವನ ಹೇಳಿಕೆ ಕಾಮಿಸ್ಕಿಯ ವಕೀಲನ ಕೈಯಲ್ಲಿ ಪ್ರತ್ಯಕ್ಷವಾಯಿತು! ಜ್ಯೂರಿ ಜಾಕ್ಸನ್ನನ ಪರವಾಗಿ ತೀರ್ಪಿತ್ತರೂ, ಅವನು ಸುಳ್ಳುಸಾಕ್ಷ್ಯ ನುಡಿದನೆಂದು ನ್ಯಾಯಾಧೀಶನು ಅದನ್ನು ತಳ್ಳಿಹಾಕಿದನು.

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಇವರು ಹೀಗೇಕೆ ಮಾಡಿದರು? 1963ರಲ್ಲಿ ಪ್ರಕಟವಾದ ಎಲಿಯಟ್ ಆಸಿನಾಫ್‌ನ ಗ್ರಂಥ ಮತ್ತು ಅದನ್ನಾಧರಿಸಿ 1988ರಲ್ಲಿ ಬಂದ ಚಲನಚಿತ್ರ ಜನಪ್ರಿಯಗೊಳಿಸಿದ ಉತ್ತರ ಒಂದೇ: ಮಾಲೀಕನ ಜಿಪುಣತನ. ಬೇರೆ ತಂಡಗಳವರಿಗಿಂತ ಕಡಿಮೆ ಸಂಬಳಕ್ಕೆ ದುಡಿದ ಆಟಗಾರರು ಸೇಡು ತೀರಿಸಿಕೊಂಡರೆಂದು ಈ ವಾದ. ಸಿಕಾಟ್ 30 ಪಂದ್ಯಗಳನ್ನು ಗೆದ್ದರೆ 10,000 ಡಾಲರು ಕೊಡುವುದಾಗಿ ಹೇಳಿದ್ದ ಕಾಮಿಸ್ಕಿ, 29 ಜಯಗಳಾದೊಡನೆ ಅವನನ್ನು ಆಡದಂತೆ ಕೂರಿಸಿದನೆಂಬ ಕಥೆ ಇದಕ್ಕೆ ಆಧಾರವಾಗಿ ಹಬ್ಬಿದೆ.

ದಾಖಲೆಗಳು ಈ ಮಾತನ್ನು ಪೋಷಿಸುವುದಿಲ್ಲ. 29ನೆಯ ಜಯದ ನಂತರವೂ ಸೆಪ್ಟೆಂಬರಿನ ಕೊನೆಯಲ್ಲಿ ಸಿಕಾಟ್ ಎಸೆತಕ್ಕೆ ಇಳಿದಿದ್ದನೆಂಬುದನ್ನು ಪಂದ್ಯಗಳ ಪಟ್ಟಿಯೇ ತೋರಿಸುತ್ತದೆ; ಮೂವತ್ತನೆಯ ಜಯ ಅವನಿಗೆ ದಕ್ಕಲಿಲ್ಲ, ಅಷ್ಟೆ. ಇಪ್ಪತ್ತೊಂದನೆಯ ಶತಮಾನದಲ್ಲಿ ಸಂಶೋಧಕರಿಗೆ ದೊರೆತ ಕರಾರು ಚೀಟಿಗಳಿಂದ ಇನ್ನೊಂದು ಸಂಗತಿ ಹೊರಬಿದ್ದಿದೆ. 1919ರಲ್ಲಿ ವೈಟ್ ಸಾಕ್ಸ್ ತಂಡದ ಒಟ್ಟು ಸಂಬಳ ಅಮೆರಿಕನ್ ಲೀಗಿನ ಅತ್ಯಧಿಕ ಸಂಬಳಗಳ ಸಾಲಿಗೆ ಸೇರಿದ್ದು, ಅವರನ್ನು ಸೋಲಿಸಿದ ರೆಡ್ಸ್ ತಂಡದವರದಕ್ಕಿಂತ ಹೆಚ್ಚಿನದಾಗಿತ್ತು.

ಹಾಗಾದರೆ ಆಟಗಾರರ ಅಸಮಾಧಾನವೆಲ್ಲ ನಿರಾಧಾರವೇ? ನಾವು ಹಾಗೆ ಭಾವಿಸುವುದಿಲ್ಲ. ಒಟ್ಟು ಸಂಬಳ ಹೆಚ್ಚಾಗಿದ್ದರೂ ಅದರ ಹಂಚಿಕೆ ಸಮನಾಗಿರಲಿಲ್ಲ. ನ್ಯಾಯವಾದ ಬೆಲೆಯನ್ನು ಕೇಳುವ ಸ್ವಾತಂತ್ರ್ಯವಂತೂ ಯಾರಿಗೂ ಇರಲಿಲ್ಲ. ಆದರೆ ಮೀಸಲು ನಿಬಂಧನೆಗೆ ಹದಿನಾರು ತಂಡಗಳ ಆಟಗಾರರೂ ಒಳಪಟ್ಟಿದ್ದರು. ಅದೇ ಮಾಲೀಕನ ಕೈಕೆಳಗೆ ಕೆರ್ ಪ್ರಾಮಾಣಿಕವಾಗಿ ಆಡಿದನು, ಕ್ಯಾಚರ್ ರೇ ಷಾಕ್ ಆಡಿದನು. ಎಲ್ಲರಿಗೂ ಸಮಾನವಾದ ಸ್ಥಿತಿಯೊಂದು ಕೆಲವರು ಮಾತ್ರ ಮಾಡಿದ ಕೃತ್ಯಕ್ಕೆ ಪೂರ್ಣ ಕಾರಣವಾಗಲಾರದು. ಅದು ನೆಲವನ್ನು ಹದಗೊಳಿಸಿರಬಹುದು, ಬೀಜ ಬೇರೆ. ಮೈದಾನದ ಸುತ್ತ ಜೂಜುಗಾರರಿಗೆ ಅಂದು ಇದ್ದ ಸಲಿಗೆ, ಸಿಕ್ಕಿಬಿದ್ದರೂ ಶಿಕ್ಷೆಯಾಗದೆಂಬ ಧೈರ್ಯ, ಹಣದಾಸೆ, ಒಳಜಗಳ: ಇವುಗಳನ್ನು ಬಿಟ್ಟು ಮಾಲೀಕನ ಜಿಪುಣತನವೊಂದನ್ನೇ ಹಿಡಿಯುವುದು ಕಥೆಗಾರನಿಗೆ ಸೊಗಸು, ಚರಿತ್ರಕಾರನಿಗೆ ಸಲ್ಲದು.

ಎಂಟು ಮಂದಿಯಲ್ಲಿ ಬಕ್ ವೀವರ್‌ನ ವಿಷಯ ಪ್ರತ್ಯೇಕ ವಿಚಾರಕ್ಕೆ ಅರ್ಹವಾದುದು. ಅವನು ಹಣವನ್ನು ಮುಟ್ಟಲಿಲ್ಲ. ಸರಣಿಯಲ್ಲಿ ಚೆನ್ನಾಗಿಯೇ ಆಡಿದನು. ಸಂಚಿನ ಮಾತುಕತೆಯಲ್ಲಿ ಕುಳಿತಿದ್ದು ಅದನ್ನು ಯಾರಿಗೂ ತಿಳಿಸದಿದ್ದುದೇ ಅವನ ಅಪರಾಧ. ಲಂಚ ಕೊಟ್ಟವರ ಹಿಂದೆ ಇದ್ದನೆಂದು ಶಂಕಿಸಲಾದ ಆರ್ನಾಲ್ಡ್ ರಾಥ್‌ಸ್ಟೀನ್‌ನ ಮೇಲೆ ಆಪಾದನೆಯೇ ದಾಖಲಾಗಲಿಲ್ಲ. ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಟಗಾರರನ್ನು ಒಂದು ವರ್ಷ ಆಡಿಸಿದ ಕಾಮಿಸ್ಕಿಯ ಮೌನಕ್ಕೂ ದಂಡನೆಯಾಗಲಿಲ್ಲ. ವೀವರ್‌ನ ಮೌನ ಮಾತ್ರ ಆಜೀವ ಬಹಿಷ್ಕಾರಕ್ಕೆ ಗುರಿಯಾಯಿತು. ಅವನು 1956ರಲ್ಲಿ ಮರಣ ಹೊಂದುವವರೆಗೂ ಪುನರ್ವಿಚಾರಣೆಗಾಗಿ ಮೊರೆಯಿಡುತ್ತಲೇ ಇದ್ದನು.

1922ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಶಾಸನ ಅನ್ವಯಿಸುವುದಿಲ್ಲವೆಂದು ತೀರ್ಪಿತ್ತಿತು. ಮೀಸಲು ನಿಬಂಧನೆಯ ಹಿಡಿತ ಸಡಿಲವಾಗಲು 1975ರ ಪಂಚಾಯಿತಿ ತೀರ್ಮಾನದವರೆಗೆ ಕಾಯಬೇಕಾಯಿತು. ಬಹಿಷ್ಕಾರವು ಮರಣದೊಂದಿಗೆ ಕೊನೆಗೊಳ್ಳುತ್ತದೆಂದು 2025ರ ಮೇ ತಿಂಗಳಲ್ಲಿ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ನಿರ್ಣಯಿಸಿದಾಗ ಎಂಟು ಹೆಸರುಗಳೂ ನಿಷೇಧದ ಪಟ್ಟಿಯಿಂದ ಬಿಟ್ಟುಹೋದವು. ಅಷ್ಟು ಹೊತ್ತಿಗೆ ವೀವರ್ ಗತಿಸಿ 69 ವರ್ಷಗಳಾಗಿದ್ದವು.

ನಮ್ಮ ವಿವೇಚನೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಆಟಗಾರರಿಗೆ ಅನ್ಯಾಯವಾಗಿತ್ತೆಂಬುದು ನಿಜ; ಅವರು ಅಪರಾಧವೆಸಗಿದುದೂ ನಿಜ. ಒಂದು ನಿಜವನ್ನು ಇನ್ನೊಂದಕ್ಕೆ ಕ್ಷಮಾಪಣೆಯಾಗಿ ಬಳಸಿದಾಗ ಎರಡೂ ಮಸುಕಾಗುತ್ತವೆ. ದುರ್ಬಲರ ಪಕ್ಷವನ್ನು ವಹಿಸಬೇಕೆಂಬ ಸದುದ್ದೇಶದಿಂದ ಹುಟ್ಟಿದ ಕಥೆಯನ್ನೂ ದಾಖಲೆಯ ಮುಂದೆ ನಿಲ್ಲಿಸಿ ನೋಡುವುದು ನಮ್ಮ ಕರ್ತವ್ಯ. ಅದರಿಂದ ದುರ್ಬಲರಿಗೆ ನಷ್ಟವೇನೂ ಇಲ್ಲ. ಕಾಮಿಸ್ಕಿಯ ಜಿಪುಣತನದ ಕಥೆ ಬಿದ್ದುಹೋದರೂ ಮೀಸಲು ನಿಬಂಧನೆಯ ಅನ್ಯಾಯ ಇದ್ದಂತೆಯೇ ಉಳಿಯುತ್ತದೆ. ಅದನ್ನು ತೋರಿಸಲು ಕಥೆಯ ನೆರವು ಬೇಕಿಲ್ಲ, ಕರಾರಿನ ಪತ್ರವೇ ಸಾಕು.