ಸವಳು ಮಣ್ಣಿನ ಉಪ್ಪಿನಿಂದ ಅಯೋಡಿನ್ ಉಪ್ಪಿನವರೆಗೆ

ತಂಬ್ರಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಹಳೆಯ ಬಳ್ಳಾರಿ ಸೀಮೆಯು ಕಡಲಿನಿಂದ ಬಹುದೂರದಲ್ಲಿದ್ದರೂ ಉಪ್ಪಿಗಾಗಿ ಪೂರ್ತಿಯಾಗಿ ಕಡಲನ್ನೇ ನಂಬಿರಲಿಲ್ಲ. ಉಪ್ಪಾರ ಸಮುದಾಯದವರು ಸವಳು ನೆಲದ ಮೇಲ್ಮಣ್ಣನ್ನು ಕೆರೆದು, ಎತ್ತರದ ದಿಬ್ಬದ ಮೇಲೆ ಮಾಡಿದ ಗುಂಡಿಯಲ್ಲಿ ತುಂಬಿ, ಅದರ ಮೇಲೆ ನೀರು ಹೊಯ್ದು, ತಳದಿಂದ ಜಿನುಗುವ ಉಪ್ಪುನೀರನ್ನು ಗಾರೆಯ ಮಡಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಒಣಗಿಸುತ್ತಿದ್ದರು. ಹೀಗೆ ಸಿಕ್ಕಿದ ಮಣ್ಣುಪ್ಪು ಬಡವರ ಮನೆಯ ಉಪ್ಪಾಗಿತ್ತು. ಕರಾವಳಿಯ ಉಪ್ಪನ್ನು ಲಂಬಾಣಿಗಳು ಎತ್ತುಗಳ ಮೇಲೆ ಹೇರಿಕೊಂಡು ಘಟ್ಟ ಹತ್ತಿಸಿ ತರುತ್ತಿದ್ದರು. ಮದರಾಸು ಪ್ರಾಂತ್ಯದಲ್ಲಿ 1805ರಲ್ಲಿ ಕಂಪನಿ ಸರ್ಕಾರವು ಉಪ್ಪಿನ ಏಕಸ್ವಾಮ್ಯವನ್ನು ಸ್ಥಾಪಿಸಿತು. ಮುಂದೆ ಉಪ್ಪಿನ ತೆರಿಗೆಗೆ ಧಕ್ಕೆಯೆಂಬ ಕಾರಣಕ್ಕೆ ಮಣ್ಣುಪ್ಪಿನ ತಯಾರಿಕೆಯೇ ಅಪರಾಧವಾಗಿ, ಒಂದು ಕಸುಬು ಅಳಿಯಿತು. ಅನೇಕ ಉಪ್ಪಾರ ಕುಟುಂಬಗಳು ಕೆರೆ ತೋಡುವ, ಕಲ್ಲು ಕಟ್ಟುವ ಕೂಲಿಗೆ ತಿರುಗಿದವು. ಆ ಅನ್ಯಾಯ ಸಣ್ಣದಲ್ಲ.

ಆದರೆ ಮಣ್ಣುಪ್ಪಿನಲ್ಲಾಗಲಿ ಕಡಲುಪ್ಪಿನಲ್ಲಾಗಲಿ ದೇಹಕ್ಕೆ ಸಾಲುವಷ್ಟು ಅಯೋಡಿನ್ ಇರಲಿಲ್ಲ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಈ ಮೂಲವಸ್ತುವನ್ನು ಬಳಸಿಯೇ ಥೈರಾಕ್ಸಿನ್ ಎಂಬ ಹಾರ್ಮೋನನ್ನು, ಎಂದರೆ ರಕ್ತದಲ್ಲಿ ಹರಿದು ದೇಹದ ಶಕ್ತಿಬಳಕೆಯ ವೇಗವನ್ನು ನಿರ್ಧರಿಸುವ ರಸವನ್ನು, ತಯಾರಿಸುತ್ತದೆ. ಅಯೋಡಿನ್ ಸಾಲದಿದ್ದಾಗ ಗ್ರಂಥಿಯು ಊದಿಕೊಳ್ಳುವುದೇ ಗಳಗಂಡ. ಸುಶ್ರುತ ಸಂಹಿತೆಯಲ್ಲಿಯೇ ಇದರ ವಿವರಣೆಯಿದೆ. ಗ್ರಂಥಿ ಸೋತವರ ದಣಿವನ್ನೂ ಬಾವನ್ನೂ ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ವರ್ಣಿಸಿದನು. 1891ರಲ್ಲಿ ಜಾರ್ಜ್ ಮರ್ರಿ ಕುರಿಯ ಗ್ರಂಥಿಯ ಸಾರವನ್ನು ಚುಚ್ಚಿ ಅಂಥ ರೋಗಿಯೊಬ್ಬಳಿಗೆ ಚೈತನ್ಯ ಮರಳಿಸಿದನು.

ಭಾರತದಲ್ಲಿ ನಿರ್ಣಾಯಕವಾದುದು ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ನಡೆಸಿದ ಅಧ್ಯಯನ. ಅಯೋಡಿನ್ ಬೆರೆಸಿದ ಉಪ್ಪನ್ನು ಉಂಡ ವಲಯಗಳಲ್ಲಿ ಗಳಗಂಡ ಇಳಿಯಿತು, ಸಾದಾ ಉಪ್ಪಿನ ವಲಯದಲ್ಲಿ ಹಾಗೆ ಇಳಿಯಲಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು ಆರಂಭವಾದರೂ ಅದರ ದೃಷ್ಟಿಯೆಲ್ಲ ಬೆಟ್ಟದ ಸೀಮೆಗಳ ಮೇಲಿತ್ತು. ಉಣ್ಣುವ ಉಪ್ಪಿಗೆಲ್ಲ ಅಯೋಡಿನ್ ಬೆರೆಸಬೇಕೆಂಬ ನೀತಿ 1980ರ ದಶಕದಲ್ಲಿ ಬಂದ ಮೇಲೆಯೇ ತಂಬ್ರಹಳ್ಳಿಯಂಥ ಬಯಲುಸೀಮೆಯ ಊರುಗಳೂ ಲೆಕ್ಕಕ್ಕೆ ಸೇರಿದವು. ಅಯೋಡಿನ್‌ರಹಿತ ಉಪ್ಪಿನ ಮಾರಾಟಕ್ಕೆ 1997ರಲ್ಲಿ ವಿಧಿಸಿದ ನಿಷೇಧವನ್ನು 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ಹೇರಲಾಯಿತು. ಮಕ್ಕಳ ಬುದ್ಧಿಬೆಳವಣಿಗೆಗೆ ಸಂಬಂಧಿಸಿದ ವಿಷಯದಲ್ಲಿ ಆರು ವರ್ಷಗಳ ಆ ಸಡಿಲಿಕೆ ತಪ್ಪು ನಿರ್ಧಾರವೆಂದೇ ಹೇಳಬೇಕು. ಹರಳುಪ್ಪನ್ನು ತೊಳೆದು ಬಳಸುವ ಅಥವಾ ತೇವದಲ್ಲಿ ತೆರೆದಿಡುವ ರೂಢಿಯಿಂದ ಬೆರೆಸಿದ ಅಯೋಡಿನ್ ಕಳೆದುಹೋಗುತ್ತದೆ ಎಂಬುದೂ ಇಲ್ಲಿ ಸೇರಿಸತಕ್ಕ ಮಾತು.

ಉಪ್ಪು ಸುಧಾರಿಸಿದ ಮೇಲೆ ಉಳಿದಿರುವ ಥೈರಾಯ್ಡ್ ಕೊರತೆಯಲ್ಲಿ ಬಹುಪಾಲು ಬೇರೆಯೇ ಬಗೆಯದು. ಜಪಾನಿನ ಹಾಶಿಮೊಟೊ 1912ರಲ್ಲಿ ವರ್ಣಿಸಿದ ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬಿದ್ದು ಅದನ್ನು ನಿಧಾನವಾಗಿ ಹಾಳುಮಾಡುತ್ತದೆ; ಹೆಂಗಸರಲ್ಲಿ ಇದು ಹೆಚ್ಚು, ಅಯೋಡಿನ್ ಉಪ್ಪು ಇದಕ್ಕೆ ಮದ್ದಲ್ಲ. ನಿದ್ದೆ ಮಾಡಿದರೂ ಆರದ ದಣಿವು, ಚಳಿ ತಡೆಯದಿರುವುದು, ಮಲಬದ್ಧತೆ, ಕೂದಲುದುರುವಿಕೆ, ಮುಟ್ಟಿನ ಏರುಪೇರು ಇದರ ಲಕ್ಷಣಗಳು. ಇವೆಲ್ಲ ಬಹಳ ಮನೆಗಳಲ್ಲಿ ಸೋಮಾರಿತನವೆಂದೋ ವಯಸ್ಸೆಂದೋ ತಳ್ಳಿಹಾಕಲ್ಪಡುತ್ತವೆ. ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯೂ ಇರುವುದರಿಂದ ದಣಿವಿನ ಕಾರಣವನ್ನು ಊಹಿಸಿ ಹೇಳುವುದು ಸರಿಯಲ್ಲ. ಹಿಮೋಗ್ಲೋಬಿನ್ ಪರೀಕ್ಷೆಯ ಜೊತೆಗೆ, ಥೈರಾಯ್ಡನ್ನು ಪ್ರಚೋದಿಸಲು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಟಿಎಸ್‌ಎಚ್ ಹಾರ್ಮೋನಿನ ಪರೀಕ್ಷೆಯನ್ನೂ ಮಾಡಿಸಬೇಕು. ಎರಡೂ ತೊಂದರೆಗಳಿರುವವರು ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿ, ಕಬ್ಬಿಣಾಂಶದ ಮಾತ್ರೆಯನ್ನು ಅದಾದ ನಾಲ್ಕು ಗಂಟೆಗಳ ಮೇಲೆಯೇ ತೆಗೆದುಕೊಳ್ಳಬೇಕು. ಇಲ್ಲವಾದರೆ ಮೊದಲನೆಯದು ಮೈಗೆ ಸರಿಯಾಗಿ ಹತ್ತುವುದಿಲ್ಲ.